ಕ್ರೀಡಾವಿದ್ಯಾನಿಧಿ ಮುಮ್ಮಡಿ ಕೃಷ್ಣರಾಜ ಒಡೆಯರು

ಮೈಸೂರಿನ ಮುಮ್ಮಡಿ ಶ್ರೀ ಕೃಷ್ಣರಾಜ ಒಡೆಯರು 1794ರಲ್ಲಿ ಜನಿಸಿ, 1799ರಲ್ಲಿ ಎಳವೆಯಲ್ಲಿಯೇ ಪಟ್ಟವೇರಿದರು. 1831ರಲ್ಲಿ ಆಂಗ್ಲರು ಆಡಳಿತವನ್ನು ವಶಪಡಿಸಿಕೊಂಡಾಗ ಪ್ರಭುಗಳ ಅಧಿಕಾರ ಕಳೆಯಿತೇ ಹೊರತು ವಿದ್ಯಾಸಕ್ತಿ ಕುಂದಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಉಚಿತ ಪಾಠಶಾಲೆಯನ್ನು ಸ್ಥಾಪಿಸಿದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮೆಟ್ಟಿ ಸಾಗುವ ಬಂಧಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಎಡೆಗೊಟ್ಟು, 360 ಎಲೆಗಳವರೆಗಿನ ಛದಗಳನ್ನು ವಿವರಿಸಿದರು. ದೇವತೆಗಳೂ ಗ್ರಹಗಳೂ ಚಿತ್ರಿತವಾದ ಆ ಎಲೆಗಳನ್ನು ಆಡುವವನು ಪುರಾಣವನ್ನೂ ಗಣನೆಯನ್ನೂ ಅರಿಯಲೇಬೇಕಾಗಿತ್ತು. ವಿನೋದವೇ ವಿದ್ಯೆಗೆ ಹೆಬ್ಬಾಗಿಲಾಯಿತು. ಕಳೆದುಹೋದ ಆಡಳಿತವು ಮರಳಿ ಕೈಸೇರುವುದನ್ನು ಕಾಣದೆಯೇ ಪ್ರಭುಗಳು 1868ರಲ್ಲಿ ಕಾಲವಶರಾದರು. ಜಾವಳಿಯ ಮಳೆಗಾಲದಲ್ಲಿ ಜಗಲಿಯ ಮೇಲೆ ಅಳಗುಳಿಮಣೆಯಾಡುವ ಮಕ್ಕಳನ್ನು ಗದರಿಸುವ ಮುನ್ನ ಉಪಾಧ್ಯಾಯರು ಈ ಅರಸರನ್ನೊಮ್ಮೆ ನೆನೆಯುವುದು ಒಳಿತು.