ಡೀಸೆಲ್ ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್

ಡೀಸೆಲ್ ಎಂಬ ಮಾತನ್ನು ಕೇಳದ ಮಕ್ಕಳು ಇರಲಾರರು. ಲಾರಿಗೆ ಡೀಸೆಲ್, ಬಸ್ಸಿಗೆ ಡೀಸೆಲ್, ಹೊಲ ಉಳುವ ಟ್ರ್ಯಾಕ್ಟರಿಗೂ ಡೀಸೆಲ್. ಅದು ಒಂದು ಬಗೆಯ ಎಣ್ಣೆಯ ಹೆಸರೆಂದೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ನಿಜವಾಗಿ ಅದು ಒಬ್ಬ ಮನುಷ್ಯನ ಹೆಸರು. ಆತನು ಕಂಡುಹಿಡಿದ ಯಂತ್ರಕ್ಕೆ ಮೊದಲು ಆ ಹೆಸರು ಬಂತು. ಆಮೇಲೆ ಯಂತ್ರ ಕುಡಿಯುವ ಎಣ್ಣೆಗೂ ಅದೇ ಹೆಸರು ಅಂಟಿಕೊಂಡಿತು. ಹೀಗೆ ದಿನವೂ ಕೋಟ್ಯಂತರ ಜನರ ಬಾಯಲ್ಲಿ ಬರುವ ಹೆಸರಿನ ಒಡೆಯನು ಹೇಗೆ ಬಾಳಿದನು, ಹೇಗೆ ಕೊನೆಗಂಡನು ಎಂಬುದನ್ನು ತಿಳಿದವರು ಮಾತ್ರ ವಿರಳ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ನೆಯ ಇಸವಿ ಮಾರ್ಚ್ 18ರಂದು, ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್ಸಿನಲ್ಲಿ. ಆದರೆ ತಂದೆತಾಯಿಗಳು ಜರ್ಮನರು. ತಂದೆ ಥಿಯೋಡೋರ್ ಆಗ್ಸ್‌ಬರ್ಗ್ ನಗರದವನು. ಪುಸ್ತಕಗಳಿಗೆ ರಟ್ಟು ಕಟ್ಟುವುದು, ಚರ್ಮದ ಸಾಮಾನು ಮಾಡುವುದು ಅವನ ಕಸುಬು. ಮನೆಯಲ್ಲಿ ಜರ್ಮನ್, ಬೀದಿಯಲ್ಲಿ ಫ್ರೆಂಚ್. ಎರಡು ಭಾಷೆಗಳ ನಡುವೆ ಬೆಳೆಯುವುದೆಂದರೇನೆಂದು ಗಡಿನಾಡಿನ ಮಕ್ಕಳಾದ ನಿಮಗೆ ಹೇಳಿಕೊಡಬೇಕಾಗಿಲ್ಲ.

1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧವಾಯಿತು. ಪ್ಯಾರಿಸ್ಸಿನಲ್ಲಿದ್ದ ಜರ್ಮನರು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ದುಡಿದು ಕೂಡಿಟ್ಟದ್ದನ್ನೆಲ್ಲ ಬಿಟ್ಟು ಲಂಡನ್ನಿಗೆ ಹೋಯಿತು. ಅಲ್ಲಿ ಎಲ್ಲರ ಹೊಟ್ಟೆ ತುಂಬುವುದೇ ಕಷ್ಟವಾದಾಗ, 12 ವರ್ಷದ ರುಡಾಲ್ಫನನ್ನು ಆಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನ ಬಾರ್ನಿಕೆಲ್ ಎಂಬಾತನು ಅಲ್ಲಿನ ಶಾಲೆಯಲ್ಲಿ ಗಣಿತದ ಉಪಾಧ್ಯಾಯನಾಗಿದ್ದನು. ತಂದೆತಾಯಿಗಳಿಂದ ದೂರವಾದರೂ ಹುಡುಗನಿಗೆ ಓದು ಒದಗಿತು. ತಾನು ಎಂಜಿನಿಯರ್ ಆಗಬೇಕೆಂದು 14ನೆಯ ವಯಸ್ಸಿನಲ್ಲೇ ತಂದೆತಾಯಿಗಳಿಗೆ ಪತ್ರ ಬರೆದನು. ಮರುವರ್ಷ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದನು. 1875ರಲ್ಲಿ ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದನು.

ಅಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಸಿದ್ಧ ವಿಜ್ಞಾನಿ ಅವನಿಗೆ ಗುರುವಾಗಿ ದೊರೆತನು. ಶೈತ್ಯೀಕರಣ ಯಂತ್ರಗಳನ್ನು ರೂಪಿಸಿದ ಮಹನೀಯನು ಇವನೇ. ಆ ಕಾಲದಲ್ಲಿ ಕಾರ್ಖಾನೆಗಳನ್ನೂ ರೈಲುಗಳನ್ನೂ ನಡೆಸುತ್ತಿದ್ದುದು ಉಗಿಯಂತ್ರ. ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಶೇಕಡಾ 10ರಷ್ಟು ಕೂಡ ಕೆಲಸಕ್ಕೆ ಬಾರದೆ, ಉಳಿದದ್ದೆಲ್ಲ ಗಾಳಿಗೆ ಹೋಗುತ್ತದೆ ಎಂದು ಲಿಂಡೆ ಪಾಠದಲ್ಲಿ ವಿವರಿಸಿದನು. ಈ ಮಾತು ಶಿಷ್ಯನ ಮನಸ್ಸಿನಲ್ಲಿ ನಾಟಿ ನಿಂತಿತು. ಇಷ್ಟು ಇಂಧನ ವ್ಯರ್ಥವಾಗದ ಯಂತ್ರವೊಂದನ್ನು ಮಾಡಬಾರದೇಕೆ? ಮುಂದಿನ ಬಾಳೆಲ್ಲ ಅವನು ಇದೇ ಪ್ರಶ್ನೆಯ ಬೆನ್ನುಹತ್ತಿದನು.

1879ರಲ್ಲಿ ವಿಷಮಶೀತ ಜ್ವರ ಬಂದು ಅವನಿಗೆ ಪರೀಕ್ಷೆ ತಪ್ಪಿತು. ಎದೆಗುಂದದೆ ಸ್ವಿಟ್ಜರ್ಲೆಂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, 1880ರ ಜನವರಿಯಲ್ಲಿ ಪರೀಕ್ಷೆಗೆ ಕುಳಿತು ಅತ್ಯುನ್ನತ ಶ್ರೇಣಿಯಲ್ಲಿ ಉತ್ತೀರ್ಣನಾದನು. ಬಳಿಕ ಗುರು ಲಿಂಡೆಯ ಮಂಜುಗಡ್ಡೆ ಕಾರ್ಖಾನೆಯ ಕೆಲಸಕ್ಕೆಂದು ಪ್ಯಾರಿಸ್ಸಿಗೆ ಹೋದನು. 1883ರಲ್ಲಿ ಮಾರ್ತಾ ಫ್ಲಾಶೆ ಎಂಬಾಕೆಯನ್ನು ವಿವಾಹವಾದನು. ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಹುಟ್ಟಿದರು. ಹಗಲು ನೌಕರಿ, ಬಿಡುವಿನಲ್ಲಿ ಹೊಸ ಯಂತ್ರದ ಚಿಂತೆ. ಉಗಿಗೆ ಬದಲಾಗಿ ಅಮೋನಿಯ ಆವಿಯಿಂದ ಯಂತ್ರ ನಡೆಸಲು ಹಲವು ವರ್ಷ ಹೆಣಗಿದನು, ಅದು ಫಲಿಸಲಿಲ್ಲ.

ಕಿಡಿಯಿಲ್ಲದ ಬೆಂಕಿ

ಸೈಕಲ್ ಟಯರಿಗೆ ಗಾಳಿ ಹೊಡೆದವರೆಲ್ಲ ಬಲ್ಲರು: ನಾಲ್ಕಾರು ಸಲ ಬಲವಾಗಿ ಒತ್ತಿದರೆ ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿ ಹಿಡಿದಷ್ಟೂ ಅದು ಕಾಯುತ್ತದೆ. ಡೀಸೆಲ್ಲನ ಯಂತ್ರದ ಗುಟ್ಟು ಇಷ್ಟೇ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲು ಬೆರೆತ ಮಿಶ್ರಣಕ್ಕೆ ವಿದ್ಯುತ್ತಿನ ಕಿಡಿ ಬೆಂಕಿ ಹಚ್ಚುತ್ತದೆ. ಡೀಸೆಲ್ಲನು ಕಿಡಿಯನ್ನೇ ಬಿಟ್ಟನು. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ತುಂಬಿ, ಪಿಸ್ಟನ್ನಿನಿಂದ ಹದಿನೈದು ಇಪ್ಪತ್ತು ಪಟ್ಟು ಕುಗ್ಗುವಂತೆ ಒತ್ತಿದರೆ, ಗಾಳಿಯು 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆ ಗಳಿಗೆಯಲ್ಲಿ ಎಣ್ಣೆಯನ್ನು ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ.

1892ರಲ್ಲಿ ಬರ್ಲಿನ್ನಿನಲ್ಲಿ ಈ ವಿಚಾರಕ್ಕೆ ಪೇಟೆಂಟ್ ಕೋರಿದನು. ಮರುವರ್ಷ ಅದು ದೊರೆಯಿತು. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಸಂಸ್ಥೆಗಳು ಹಣ ಹಾಕಲು ಒಪ್ಪಿದವು. 1893ರ ಆಗಸ್ಟ್ 10ರಂದು ಮೊದಲನೆಯ ಪರೀಕ್ಷೆ ನಡೆಯಿತು. ಇಂಧನವೇನೋ ಹೊತ್ತಿಕೊಂಡಿತು, ಆದರೆ ಒತ್ತಡವು ವಾತಾವರಣದ ಒತ್ತಡಕ್ಕಿಂತ 80 ಪಟ್ಟು ಏರಿ, ಅದನ್ನು ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಯಂತ್ರ ಓಡಲಿಲ್ಲವಾದರೂ ವಿಚಾರ ಸರಿಯೆಂದು ಸಿದ್ಧವಾಯಿತು. 1894ರ ಫೆಬ್ರವರಿ 17ರಂದು ಯಂತ್ರ ಸುಮಾರು ಒಂದು ನಿಮಿಷ ಸ್ವಂತ ಬಲದಿಂದ ತಿರುಗಿತು. ಸರಿಯಾಗಿ ಮೂರು ವರ್ಷಗಳ ನಂತರ, 1897ರ ಫೆಬ್ರವರಿ 17ರಂದು, ಪ್ರೊಫೆಸರ್ ಶ್ರೋಟರ್ ಎಂಬಾತನು ಯಂತ್ರವನ್ನು ಪರೀಕ್ಷಿಸಿ, ಅದು ಇಂಧನದ ಶಾಖದಲ್ಲಿ ಶೇಕಡಾ 26.2ರಷ್ಟನ್ನು ಕೆಲಸಕ್ಕೆ ತಿರುಗಿಸುತ್ತದೆಂದು ಲೆಕ್ಕ ಹಾಕಿದನು. ಅಂದಿನ ಯಾವ ಉಗಿಯಂತ್ರವೂ ಇದರ ಹತ್ತಿರ ಸುಳಿಯುವಂತಿರಲಿಲ್ಲ.

ಕೀರ್ತಿ ಹರಿದು ಬಂತು. ಅಮೆರಿಕದ ಹಕ್ಕುಗಳನ್ನು ಅಡಾಲ್ಫಸ್ ಬುಷ್ ಎಂಬ ಉದ್ಯಮಿ ಹತ್ತು ಲಕ್ಷ ಮಾರ್ಕುಗಳಿಗೆ ಕೊಂಡನು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯ ಎಂಬ ಹಡಗು ಡೀಸೆಲ್ ಎಂಜಿನ್ನುಗಳ ಬಲದಿಂದ ಕೋಪನ್‌ಹೇಗನ್ನಿನಿಂದ ಹೊರಟು ಬ್ಯಾಂಕಾಕಿನವರೆಗೆ ಸಾಗಿತು.

ಲಾರಿಗೆ ಏಕೆ ಬರಲಿಲ್ಲ?

ಇಷ್ಟಾದರೂ ಡೀಸೆಲ್ ಬದುಕಿದ್ದಷ್ಟು ಕಾಲ ಅವನ ಎಂಜಿನ್ ಲಾರಿಯನ್ನೇರಲಿಲ್ಲ. ಇದಕ್ಕೆ ಕಾರಣ ಎಣ್ಣೆ ಒದಗಿಸುವ ವ್ಯವಸ್ಥೆ. ಕಾದ ಗಾಳಿಯ ಭಾರಿ ಒತ್ತಡಕ್ಕೆ ಎದುರಾಗಿ, ಒಂದೊಂದು ಸಲಕ್ಕೆ ಕೆಲವೇ ಹನಿಯಷ್ಟು ಎಣ್ಣೆಯನ್ನು, ಸರಿಯಾದ ಕ್ಷಣದಲ್ಲಿ, ಮಂಜಿನಂತೆ ಸಿಂಪಡಿಸಬೇಕು. ಆ ಕೆಲಸ ಮಾಡಬಲ್ಲ ಪಂಪನ್ನು ಆ ಕಾಲದಲ್ಲಿ ತಯಾರಿಸಲಾಗಲಿಲ್ಲ. ಆದ್ದರಿಂದ ಡೀಸೆಲ್ಲನು ಇನ್ನೂ ಹೆಚ್ಚು ಒತ್ತಡದ ಗಾಳಿಯಿಂದ ಎಣ್ಣೆಯನ್ನು ಊದುವ ಉಪಾಯ ಮಾಡಿದನು. ಅದಕ್ಕೆ ಬೇರೆ ಗಾಳಿಯಂತ್ರವೇ ಬೇಕಾಯಿತು. ಹೀಗಾಗಿ ಎಂಜಿನ್ ಭಾರವಾಯಿತು. ಕಾರ್ಖಾನೆಗೂ ಹಡಗಿಗೂ ಸರಿ, ರಸ್ತೆಗೆ ಸಲ್ಲದು. ಆದರೆ ಒಂದು ಗುಣವಿತ್ತು: ಊದುವ ಗಾಳಿಯೊಡನೆ ಎಣ್ಣೆ ನಿಧಾನವಾಗಿ ಒಳಹೋಗುತ್ತಿದ್ದುದರಿಂದ ಅದು ಮೆತ್ತಗೆ ಉರಿಯುತ್ತಿತ್ತು.

ದುಃಖದ ಕೊನೆ

ಹೊರಗೆ ಕೀರ್ತಿ, ಒಳಗೆ ಕ್ಷೋಭೆ. ತಲೆನೋವು ಡೀಸೆಲ್ಲನನ್ನು ಕಾಡುತ್ತಿತ್ತು; 1898ರಲ್ಲಿ ದುಡಿಮೆಯ ಬಳಲಿಕೆಯಿಂದ ಚಿಕಿತ್ಸಾಲಯ ಸೇರಬೇಕಾಯಿತು. ಕಟ್ಟಿಕೊಟ್ಟ ಎಂಜಿನ್ ಪೇಟೆಂಟಿನಲ್ಲಿ ಬರೆದದ್ದಕ್ಕಿಂತ ಬೇರೆಯೆಂದು ಆಕ್ಷೇಪಿಸಿದವರಿದ್ದರು. ಬಂದ ಹಣವನ್ನು ಅವನು ಭೂಮಿ ವ್ಯವಹಾರದಲ್ಲೂ ಎಣ್ಣೆ ಬಾವಿಗಳಲ್ಲೂ ತೊಡಗಿಸಿ ಕಳೆದುಕೊಂಡನು. ಮ್ಯೂನಿಕ್ಕಿನಲ್ಲಿ ಭವ್ಯ ಬಂಗಲೆ ಕಟ್ಟಿಸಿದನು. ಶಾಖದ ಒಂದೊಂದು ಅಂಶವೂ ಪೋಲಾಗದಂತೆ ನೋಡಿಕೊಂಡ ಬುದ್ಧಿವಂತನಿಗೆ ಹಣದ ಲೆಕ್ಕ ಒಗ್ಗಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಅವನು ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟನು. ಊಟ ಮುಗಿಸಿ ರಾತ್ರಿ ಹತ್ತರ ವೇಳೆಗೆ ತನ್ನ ಕೋಣೆಗೆ ಹೋದನು. ಬೆಳಗ್ಗೆ 6-15ಕ್ಕೆ ಎಬ್ಬಿಸಬೇಕೆಂದು ತಿಳಿಸಿದ್ದನು. ಬೆಳಗ್ಗೆ ನೋಡಿದರೆ ಕೋಣೆ ಬರಿದು. ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಟೋಪಿ ಮತ್ತು ಮೇಲಂಗಿ ಹಡಗಿನ ಹಿಂಭಾಗದ ಕಂಬಿಯ ಬಳಿ ಸಿಕ್ಕಿದವು. ಹತ್ತು ದಿನಗಳ ಮೇಲೆ ಡಚ್ ಹಡಗೊಂದರವರಿಗೆ ಸಮುದ್ರದಲ್ಲಿ ಒಂದು ಶವ ಕಾಣಿಸಿತು. ಅದರ ಬಳಿಯಿದ್ದ ಸಣ್ಣಪುಟ್ಟ ವಸ್ತುಗಳನ್ನು ತೆಗೆದುಕೊಂಡು ಶವವನ್ನು ನೀರಿಗೇ ಒಪ್ಪಿಸಿದರು. ಆ ವಸ್ತುಗಳು ತಂದೆಯವೆಂದು ಮಗ ಓಯ್ಗೆನ್ ಗುರುತಿಸಿದನು. ಆಗ ಡೀಸೆಲ್ಲನಿಗೆ 55 ವರ್ಷ. ಅವನ ಮರಣದ ಬಗೆ ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಮನೆಯಲ್ಲಿ ಉಳಿದದ್ದು ಹಣವಲ್ಲ, ಹೊರಲಾರದ ಸಾಲವೆಂಬುದು ಬಳಿಕ ಹೊರಬಿತ್ತು.

ಗಾಳಿಯಂತ್ರ ಹೋಯಿತು, ಹೊಡೆತ ಬಂತು

ಡೀಸೆಲ್ ಬಿಟ್ಟುಹೋದ ಕೆಲಸವನ್ನು ಬೇರೆಯವರು ಮುಂದುವರಿಸಿದರು. ಗಾಳಿಯಂತ್ರವನ್ನು ಕಿತ್ತುಹಾಕಿ, ಪಂಪಿನಿಂದಲೇ ಎಣ್ಣೆಯನ್ನು ಒಳಗೆ ಚಿಮ್ಮಿಸುವ ಪ್ರಯತ್ನ ಗೆದ್ದಿತು. 1920ರ ದಶಕದಲ್ಲಿ ಬೆಂಜ್ ಮತ್ತು ಮಾನ್ ಸಂಸ್ಥೆಗಳ ಡೀಸೆಲ್ ಲಾರಿಗಳು ರಸ್ತೆಗಿಳಿದವು. 1927ರಲ್ಲಿ ರಾಬರ್ಟ್ ಬಾಷ್ ಸಂಸ್ಥೆ ಇಂಥ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಎಂಜಿನ್ ಹಗುರವಾಯಿತು. ಆದರೆ ಅದರೊಡನೆ ಟಕಟಕ ಎಂಬ ಹೊಡೆತದ ಸದ್ದು ಜೋರಾಯಿತು. ಮೆಕ್ಯಾನಿಕರು ಇದನ್ನು ನಾಕಿಂಗ್ ಎನ್ನುತ್ತಾರೆ.

ಇದಕ್ಕೆ ಕಾರಣವನ್ನು ಅಡಿಗೆಮನೆಯಲ್ಲೇ ಕಾಣಬಹುದು. ಒಲೆಯ ಕೆಂಡದ ಮೇಲೆ ಒಣಗಿದ ತೆಂಗಿನ ಗರಿಗಳನ್ನು ಒಂದೊಂದಾಗಿ ಹಾಕಿದರೆ ಹದವಾಗಿ ಉರಿಯುತ್ತವೆ. ಒಂದೇ ಸಲಕ್ಕೆ ಹೊರೆ ಹಾಕಿದರೆ ಕೊಂಚ ಹೊತ್ತು ಹೊಗೆಯಾಡಿ, ಬಳಿಕ ಎಲ್ಲವೂ ಒಟ್ಟಿಗೆ ಭಗ್ಗನೆ ಹೊತ್ತಿಕೊಳ್ಳುತ್ತವೆ. ಎಂಜಿನ್ನಿನಲ್ಲೂ ಹಾಗೆಯೇ. ಸಿಂಪಡಿಸಿದ ಎಣ್ಣೆ ಆ ಕೂಡಲೇ ಹೊತ್ತುವುದಿಲ್ಲ. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ತಡವಾಗುತ್ತದೆ. ಅಷ್ಟರಲ್ಲಿ ಇನ್ನಷ್ಟು ಎಣ್ಣೆ ಬಂದು ಸೇರಿರುತ್ತದೆ. ಎಲ್ಲವೂ ಒಮ್ಮೆಗೇ ಉರಿದಾಗ ಒತ್ತಡ ಥಟ್ಟನೆ ಏರಿ, ಲೋಹಕ್ಕೆ ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತದೆ. ಚಳಿಗಾಲದ ಬೆಳಗ್ಗೆ ತಣ್ಣಗಿರುವ ಎಂಜಿನ್ ಹೆಚ್ಚು ಸದ್ದು ಮಾಡುವುದೂ ಇದಕ್ಕಾಗಿಯೇ. ಈ ಪೆಟ್ಟು ಸತತವಾಗಿ ಬಿದ್ದರೆ ಪಿಸ್ಟನ್, ಬೇರಿಂಗು ಬೇಗ ಸವೆಯುತ್ತವೆ.

ಇದನ್ನು ತಗ್ಗಿಸಲು ಎಂಜಿನಿಯರುಗಳು ಹಲವು ದಾರಿ ಹುಡುಕಿದರು. ಸಿಲಿಂಡರಿಗೆ ಮೊದಲು ಒಂದು ಪುಟ್ಟ ಕೋಣೆ ಮಾಡಿ ಅಲ್ಲೇ ಉರಿ ಹತ್ತುವಂತೆ ಮಾಡುವುದು ಒಂದು ದಾರಿ. ಬೆಂಜ್ ಸಂಸ್ಥೆಯ ಪ್ರಾಸ್ಪರ್ ಲೋರಾಂಜ್ ಇದನ್ನು ರೂಪಿಸಿದನು. ಬೇಗ ಹೊತ್ತುವ ಗುಣವುಳ್ಳ ಎಣ್ಣೆಯನ್ನು ಬಳಸುವುದು ಮತ್ತೊಂದು. ಈ ಗುಣವನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ಪಂಪಿನ ಟೈಮಿಂಗ್ ಸರಿಮಾಡುವುದು ಮೂರನೆಯದು. ಎಣ್ಣೆ ತೀರ ಮುಂಚೆ ಬಂದರೆ ಗಾಳಿ ಇನ್ನೂ ಸಾಕಷ್ಟು ಕಾದಿರುವುದಿಲ್ಲ, ಹೊಡೆತ ಹೆಚ್ಚುತ್ತದೆ. ತೀರ ತಡವಾದರೆ ಹೊಗೆ ಹೆಚ್ಚಿ ಬಲ ಕುಗ್ಗುತ್ತದೆ. ಸವೆದ ಇಂಜೆಕ್ಟರು ಮಂಜಿನಂತೆ ಸಿಂಪಡಿಸದೆ ಹನಿ ಹನಿಯಾಗಿ ಸುರಿಸಿದರೂ ಇದೇ ಗತಿ. ಆದ್ದರಿಂದ ಈ ಕೆಲಸಕ್ಕೆ ಊಹೆ ಸಾಲದು, ಅಳತೆ ಬೇಕು. 1990ರ ದಶಕದಿಂದೀಚೆಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ವಿದ್ಯುನ್ಮಾನ ನಿಯಂತ್ರಣದಿಂದ ಮೊದಲು ಒಂದು ಚಿಟಿಕೆಯಷ್ಟು ಎಣ್ಣೆಯನ್ನು ಸಿಂಪಡಿಸಿ ಉರಿ ಹತ್ತಿಸುತ್ತಾರೆ, ಮಿಕ್ಕದ್ದು ಅದರ ಬೆನ್ನಿಗೇ ಬರುತ್ತದೆ. ಕೆಂಡಕ್ಕೆ ಮೊದಲು ಒಂದೇ ಗರಿ ಹಾಕುವ ಅಜ್ಜಿಯ ಜಾಣತನವೇ ಇದು.

ನಮ್ಮ ನಾಡಿಗೂ ಈ ಕಥೆಯ ನಂಟು ಇದೆ. ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆಯು ಇಂಥ ಪಂಪುಗಳನ್ನೂ ಇಂಜೆಕ್ಟರುಗಳನ್ನೂ ತಯಾರಿಸಿತು. ಅನೇಕ ಕನ್ನಡದ ಕುಟುಂಬಗಳು ಆ ದುಡಿಮೆಯಿಂದ ಬಾಳು ಕಟ್ಟಿಕೊಂಡವು.

ನಾವು ಕಲಿಯಬೇಕಾದ್ದು

ಡೀಸೆಲ್ ಹೊಗೆಯಿಂದ ಗಾಳಿ ಕೆಡುತ್ತದೆಂಬುದು ಇಂದು ಎಲ್ಲರಿಗೂ ತಿಳಿದಿದೆ. ಅದನ್ನು ಕಡಿಮೆ ಮಾಡುವ ನಿಯಮಗಳೂ ಬಂದಿವೆ. ಆದರೂ ಸಾಮಾನು ಹೊತ್ತ ಲಾರಿಗಳು ಊರಿಂದೂರಿಗೆ ಸಾಗುವುದು ಹೆಚ್ಚಾಗಿ ಅವನ ವಿಚಾರದ ಬಲದಿಂದಲೇ.

ವಿದ್ಯಾರ್ಥಿಗಳೇ, ತರಗತಿಯಲ್ಲಿ ಕೇಳಿದ ಒಂದು ಮಾತನ್ನು ಬಿಡದೆ ಹಿಡಿದರೆ ಏನಾಗಬಹುದೆಂಬುದಕ್ಕೆ ಈ ಬಾಳು ಸಾಕ್ಷಿ. ಜ್ವರ ಬಂದು ಪರೀಕ್ಷೆ ತಪ್ಪಿದರೆ ಲೋಕ ಮುಳುಗುವುದಿಲ್ಲವೆಂಬುದಕ್ಕೂ ಸಾಕ್ಷಿ. ಒಬ್ಬನು ಆರಂಭಿಸಿದ್ದನ್ನು ಹತ್ತು ಜನ ಪೂರೈಸುತ್ತಾರೆ. ಆದ್ದರಿಂದ ಎಲ್ಲವನ್ನೂ ಒಬ್ಬನೇ ಹೊರಬೇಕಾಗಿಲ್ಲ. ಪೋಷಕರಿಗೂ ಇದರಲ್ಲೊಂದು ಪಾಠವಿದೆ. ಸಾಲವಾಗಲಿ ಸೋಲಾಗಲಿ ಒಳಗೇ ಕೂಡುತ್ತ ಹೋದರೆ, ಹೊತ್ತದೆ ಸೇರಿಕೊಂಡ ಎಣ್ಣೆಯಂತೆ ಒಂದು ದಿನ ಒಮ್ಮೆಗೇ ಸಿಡಿಯುತ್ತದೆ. ಕಷ್ಟವನ್ನು ಮನೆಮಂದಿಯೊಡನೆ ಸ್ವಲ್ಪ ಸ್ವಲ್ಪವಾಗಿ ಹೇಳಿಕೊಂಡರೆ ಅದರ ಪೆಟ್ಟು ಅಷ್ಟು ಜೋರಾಗಿ ಬೀಳುವುದಿಲ್ಲ. ಮಕ್ಕಳು ತಮ್ಮ ಕಷ್ಟ ಹೇಳಲು ಬಂದಾಗ ನಾವೂ ಕೈಕೆಲಸ ಬಿಟ್ಟು ಕೇಳೋಣ.