ಕಿವಿಗೊಟ್ಟ ಮಹನೀಯ: ಕಾರ್ಲ್ ರೋಜರ್ಸ್

ಮನೆಯ ಮೂಲೆಯಲ್ಲಿ ಮರೆತುಬಿಟ್ಟ ಈರುಳ್ಳಿ ಮಳೆಗಾಲದಲ್ಲಿ ತಾನಾಗಿಯೇ ಮೊಳೆಯುವುದನ್ನು ನಮ್ಮ ಭಾನುವಳ್ಳಿಯಲ್ಲಿ ಕಾಣದವರಿಲ್ಲ. ಮಣ್ಣಿಲ್ಲ, ನೀರಿಲ್ಲ, ಆದರೂ ಬಿಳಿಚಿದ ಮೊಳಕೆ ಬೆಳಕಿನತ್ತ ಕತ್ತು ಚಾಚುತ್ತದೆ. ಇಂಥದೇ ನೋಟವನ್ನು ಅಮೆರಿಕದ ಬಾಲಕನೊಬ್ಬನು ತನ್ನ ಮನೆಯ ನೆಲಮಾಳಿಗೆಯಲ್ಲಿ, ಚಳಿಗಾಲಕ್ಕೆಂದು ಕೂಡಿಟ್ಟ ಆಲೂಗೆಡ್ಡೆಗಳಲ್ಲಿ ಕಂಡನು. ಮುಪ್ಪಿನವರೆಗೂ ಅದನ್ನು ಮರೆಯಲಿಲ್ಲ. ಆ ಬಾಲಕನೇ ಮುಂದೆ ಮನಶ್ಶಾಸ್ತ್ರದಲ್ಲಿ ಹೊಸ ದಾರಿಯನ್ನು ತೆರೆದ ಕಾರ್ಲ್ ರೋಜರ್ಸ್.

ಅವರು ಹುಟ್ಟಿದ್ದು ಷಿಕಾಗೊ ನಗರದ ಬಳಿಯ ಓಕ್ ಪಾರ್ಕಿನಲ್ಲಿ, 1902ನೆಯ ಜನವರಿ 8ರಂದು. ಆರು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಇಂಜಿನಿಯರು; ಮನೆಯಲ್ಲಿ ಧರ್ಮದ ಕಟ್ಟುನಿಟ್ಟು ಬಹಳ. ಹನ್ನೆರಡರ ವಯಸ್ಸಿನಲ್ಲಿ ಸಂಸಾರವೆಲ್ಲ ಹಳ್ಳಿಯ ಹೊಲಮನೆಗೆ ಬಂದಿತು. ಹುಡುಗ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಬೇಸಾಯ ಓದತೊಡಗಿದನು. ಪಾದ್ರಿಯಾಗುವ ಮನಸ್ಸಾಗಿ ಇತಿಹಾಸಕ್ಕೆ ತಿರುಗಿದನು. 1922ರಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಸಮ್ಮೇಳನಕ್ಕೆಂದು ಚೀನಾಕ್ಕೆ ಹೋಗಿಬಂದ ಮೇಲೆ ತಂದೆತಾಯಿಗಳ ನಂಬಿಕೆಯೇ ತನ್ನದಾಗಬೇಕಿಲ್ಲವೆಂದು ತೋರಿತು. ಕಡೆಗೆ ದೇವತಾಶಾಸ್ತ್ರವನ್ನೂ ಬಿಟ್ಟು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವನ್ನು ಹಿಡಿದರು. ಮೂರು ಸಲ ದಾರಿ ಬದಲಿಸಿದವನನ್ನು ನಮ್ಮ ಹಿರಿಯರು ಏನೆನ್ನುತ್ತಿದ್ದರೋ!

1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ನಗರದಲ್ಲಿ ನೊಂದ ಮಕ್ಕಳ ನಡುವೆ ಅವರ ಕೆಲಸ. ಅಲ್ಲಿ ಒಬ್ಬ ಪುಂಡ ಹುಡುಗನ ತಾಯಿ ಬರುತ್ತಿದ್ದಳು. ಮಗುವಾಗಿದ್ದಾಗ ಅವನನ್ನು ಆಕೆ ದೂರವಿಟ್ಟದ್ದೇ ತೊಂದರೆಯ ಮೂಲವೆಂದು ರೋಜರ್ಸರ ತೀರ್ಮಾನ. ಅದನ್ನು ಆಕೆಗೆ ಮನಗಾಣಿಸಲು ಹಲವು ಭೇಟಿಗಳಲ್ಲಿ ಹೆಣಗಿದರು, ಫಲವಿಲ್ಲ. ಸೋತೆವೆಂದು ಇಬ್ಬರೂ ಒಪ್ಪಿಕೊಂಡರು. ಬಾಗಿಲವರೆಗೆ ಹೋದ ಆಕೆ ಹಿಂದಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುವುದುಂಟೇ ಎಂದು ಕೇಳಿದಳು. ಮತ್ತೆ ಬಂದು ಕುಳಿತು ತನ್ನ ಮುರಿದ ದಾಂಪತ್ಯದ ದುಃಖವನ್ನೆಲ್ಲ ತೋಡಿಕೊಂಡಳು. ರೋಜರ್ಸ್ ಸುಮ್ಮನೆ ಕೇಳಿದರು. ನಿಜವಾದ ಚಿಕಿತ್ಸೆ ಆಗ ಮೊದಲಾಯಿತು. ಕಾಲಕ್ರಮದಲ್ಲಿ ಹುಡುಗನೂ ಸುಧಾರಿಸಿದನು. ನೋವೆಲ್ಲಿದೆಯೆಂದು ಬಲ್ಲವನು ನೊಂದವನೇ ಎಂಬ ತಿಳಿವು ಅವರಿಗೆ ದೊರೆತದ್ದು ಆ ಸೋಲಿನಿಂದ.

1940ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಬಂದವರನ್ನು ರೋಗಿಯೆನ್ನದೆ, ವಕೀಲರು ಕಕ್ಷಿಗಾರರನ್ನು ಕರೆಯುವ ಹೆಸರಿನಿಂದಲೇ ಕರೆದರು. ಮುಚ್ಚಿದ ಕೋಣೆಯ ಸಂಭಾಷಣೆಯನ್ನು ಗ್ರಾಮಾಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಂಡು, ಒಂದು ಚಿಕಿತ್ಸೆಯನ್ನು ಆದ್ಯಂತವಾಗಿ 1942ರ ಗ್ರಂಥದಲ್ಲಿ ಅಚ್ಚು ಹಾಕಿಸಿದರು. ತನ್ನ ತಪ್ಪುಗಳನ್ನು ಹಾಗೆ ಬಯಲಿಗಿಡುವ ಧೈರ್ಯ ಎಷ್ಟು ಮಂದಿ ಪಂಡಿತರಿಗಿದೆ?

1945ರಲ್ಲಿ ಷಿಕಾಗೊ ಸೇರಿದರು. ಅಲ್ಲಿ ಅವರೇ ಕುಸಿದರು. ತೀವ್ರ ಮನೋವ್ಯಾಧಿಯ ಮಹಿಳೆಯೊಬ್ಬಳ ಚಿಕಿತ್ಸೆಯಲ್ಲಿ ತಮ್ಮ ಅಳವು ಮೀರಿ ತೊಡಗಿ, ತನ್ನತನವೇ ಕರಗುವಂತಾಗಿ, ಆಕೆಯನ್ನು ಬೇರೊಬ್ಬ ವೈದ್ಯರಿಗೊಪ್ಪಿಸಿ ಹೆಂಡತಿಯೊಡನೆ ಊರು ಬಿಟ್ಟು ಹೊರಟರು. ಕೆಲವು ತಿಂಗಳ ಮೇಲೆ ಮರಳಿ, ತಮ್ಮ ಸಹೋದ್ಯೋಗಿಯೊಬ್ಬರ ಮುಂದೆಯೇ ಕುಳಿತು ಚಿಕಿತ್ಸೆ ಪಡೆದರು. ಈ ಸಂಗತಿಯನ್ನೂ ಅವರು ಬಚ್ಚಿಡಲಿಲ್ಲ. ಅವರ ಹೆಸರಾಂತ ಗ್ರಂಥ 1951ರಲ್ಲಿ ಹೊರಬಂದದ್ದು ಈ ದಿನಗಳ ಬೆನ್ನಿಗೇ.

1957ರಲ್ಲಿ ವಿಸ್ಕಾನ್ಸಿನ್‌ಗೆ ಹೋಗಿ ಆಸ್ಪತ್ರೆಯ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ನಡೆಸಿದ ಪ್ರಯೋಗ ಮಾತ್ರ ನೆನೆದಷ್ಟು ಫಲ ಕೊಡಲಿಲ್ಲ. ಸಂಗಡಿಗರಲ್ಲಿ ಜಗಳವೂ ಆಯಿತು. ಕಿವಿಗೊಡುವುದರಿಂದ ಸರ್ವವೂ ವಾಸಿಯಾಗುವುದೆಂದು ನಂಬುವವರು ಇದನ್ನೂ ಓದಬೇಕು.

ಕಡೆಯ ವರ್ಷಗಳನ್ನು ಕ್ಯಾಲಿಫೋರ್ನಿಯದಲ್ಲಿ ಕಳೆದರು. ಎಂಬತ್ತು ದಾಟಿದ ಮೇಲೂ ದಕ್ಷಿಣ ಆಫ್ರಿಕಕ್ಕೆ ಹೋಗಿ, ವರ್ಣಭೇದದ ಆ ನಾಡಿನಲ್ಲಿ ಕರಿಯರನ್ನೂ ಬಿಳಿಯರನ್ನೂ ಎದುರುಬದುರಾಗಿ ಕೂರಿಸಿ ಪರಸ್ಪರರ ಮಾತು ಕೇಳಿಸಿದರು. 1987ನೆಯ ಫೆಬ್ರವರಿ 4ರಂದು ತೀರಿಕೊಂಡರು.