ಬಡವರ ಮನೆಯ ಶಿಲ್ಪಿ ಲಾರಿ ಬೇಕರ್

ಅರಮನೆ ಕಟ್ಟಿಸಿದವರ ಹೆಸರು ಚರಿತ್ರೆಯಲ್ಲಿ ಉಳಿಯುವುದು ಸಹಜ; ಬಡವರ ಮನೆ ಕಟ್ಟಿ ಹೆಸರು ಉಳಿಸಿದವರು ವಿರಳ. ಅಂಥ ವಿರಳರಲ್ಲಿ ಲಾರಿ ಬೇಕರರು ಒಬ್ಬರು.

ಇವರು 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿದರು. ವಾಸ್ತುಶಿಲ್ಪವನ್ನು ಅಭ್ಯಸಿಸಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನ ದೇಶದಲ್ಲಿ ರೋಗಿಗಳ ಸೇವೆ ಮಾಡಿದರು. ಸ್ವದೇಶಕ್ಕೆ ಮರಳುವಾಗ ಮುಂಬಯಿಯಲ್ಲಿ ಹಡಗಿಗಾಗಿ ಕಾಯಬೇಕಾಯಿತು. ಆಗ ಮಹಾತ್ಮಾ ಗಾಂಧಿಯವರ ಪರಿಚಯವಾಯಿತು. ಐದು ಮೈಲಿಯ ಒಳಗೆ ದೊರೆಯುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ವಿಚಾರವು ಅವರ ಮನದಲ್ಲಿ ಬೇರೂರಿತು.

1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕಾಗಿ ಭಾರತಕ್ಕೆ ಬಂದರು. 1948ರಲ್ಲಿ ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ವಿವಾಹವಾಗಿ, ಹಿಮಾಲಯದ ಪಿಥೋರಗಢದಲ್ಲಿ ಹಲವು ವರ್ಷ ನೆಲೆಸಿದರು. ಅಲ್ಲಿಯ ಕಲ್ಲು, ಮಣ್ಣು, ಮರಗಳಿಂದ ಚಳಿ ಮಳೆಗೆ ಜಗ್ಗದ ಮನೆ ಕಟ್ಟುತ್ತಿದ್ದ ಹಳ್ಳಿಗರೇ ಅವರಿಗೆ ಗುರುಗಳಾದರು. ಪದವೀಧರರೊಬ್ಬರು ಹಳ್ಳಿಯ ಗೌಂಡಿಯ ಮುಂದೆ ವಿದ್ಯಾರ್ಥಿಯಾದ ಈ ಸಂಗತಿಯೇ ಅವರ ಬಾಳಿನ ತಿರುಳೆಂದು ನನಗೆ ತೋರುತ್ತದೆ.

1963ರಲ್ಲಿ ಕೇರಳಕ್ಕೆ ಬಂದು, ಮುಂದೆ ತಿರುವನಂತಪುರದಲ್ಲಿ ನೆಲೆನಿಂತರು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಇದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯಿತು, ಸೆಕೆಯೂ ಹೊರಗೆ ನಿಂತಿತು. ಸ್ಲ್ಯಾಬಿನೊಳಗೆ ಹಳೆಯ ಮಂಗಳೂರು ಹಂಚುಗಳನ್ನು ಹುದುಗಿಸಿ ಸಿಮೆಂಟಿನ ವೆಚ್ಚ ತಗ್ಗಿಸಿದರು. ಕಿಟಕಿಗೆ ಬದಲು ಇಟ್ಟಿಗೆಯ ಜಾಲಂಧ್ರಗಳನ್ನು ಇರಿಸಿದರು. 1971ರಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳನ್ನು ಕೈಗೊಂಡಾಗ ನೆಲದ ಇಳಿಜಾರಿಗೂ ಅಲ್ಲಿದ್ದ ಮರಗಳಿಗೂ ಹೊಂದಿಸಿಯೇ ಕಟ್ಟಿದರು. 1990ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. 2007ರ ಏಪ್ರಿಲ್ 1ರಂದು, 90ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ನಮ್ಮ ಕಲ್ಲೋಳಿಯಲ್ಲಿ ನನ್ನ ಅಜ್ಜ ಕಟ್ಟಿದ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಯಿದೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನಗೆ ನೌಕರಿ ಸಿಕ್ಕೊಡನೆ ಈ ಮನೆಯನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಬೇಕೆಂಬುದು ಅಪ್ಪನ ಆಸೆ. ಅದು ಬರಿಯ ಡೌಲಿನ ಆಸೆಯಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮಾಳಿಗೆ ಹತ್ತಿ ಮಣ್ಣು ಹಾಕಿ ಅಪ್ಪನ ಮೊಣಕಾಲು ಸೋತಿವೆ. ಆದರೆ ಚೈತ್ರ ವೈಶಾಖದ ಬಿಸಿಲಿನಲ್ಲಿ ಊರವರು ತಂಪು ಹುಡುಕಿ ಬಂದು ಕೂರುವುದು ನಮ್ಮ ಪಡಸಾಲೆಯಲ್ಲಿಯೇ.

ಬೇಕರರು ಹಳೆಯದನ್ನೆಲ್ಲ ಪೂಜಿಸಿದವರಲ್ಲ. ಸೋರುವುದನ್ನು ತಿದ್ದಿದರು, ತಂಪು ಕೊಡುವುದನ್ನು ಉಳಿಸಿಕೊಂಡರು. ಗೋಡೆಗಳಿರಲಿ, ಮಾಳಿಗೆಯನ್ನಷ್ಟೇ ಬದಲಿಸೋಣವೆಂದು ನಾನು ಹೇಳಿದ್ದೇನೆ. ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ಊರಿನ ಹಿರಿಯ ಗೌಂಡಿಯನ್ನು ಕರೆದು ಗೋಡೆ ತೋರಿಸಿದ್ದಾರೆ.